ಕಟಿಂಗ್ ಶಾಪ್ ನಡೆಸಲು ಪರೀಕ್ಷೆ ಪಾಸಾಗಬೇಕೇ?

ಪರೀಕ್ಷೆ ಬರೆದು ಸರ್ಕಾರಿ ಲೈಸೆನ್ಸ್ ಪಡೆಯದವರು ಕ್ಷೌರ ಮಾಡುವಂತಿಲ್ಲ ಎಂಬ ಮಾತು ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಅಂಥ ನಿಯಮ ಇರುವುದು ಅಮೆರಿಕದ ರಾಜ್ಯಗಳಲ್ಲಿ. ಉದಾಹರಣೆಗೆ, ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಸೇರಿ ಕಲಿಯುವವರು 1,000 ಗಂಟೆ ತರಬೇತಿ ಮುಗಿಸಿ, ಪರೀಕ್ಷೆ ಪಾಸಾದ ಮೇಲೆಯೇ ಕತ್ತರಿ ಹಿಡಿಯಬೇಕು. ಕರ್ನಾಟಕದಲ್ಲಿ ಕ್ಷೌರಿಕರ ಕೈಕೆಲಸ ಪರೀಕ್ಷಿಸಿ ಲೈಸೆನ್ಸ್ ಕೊಡುವ ಮಂಡಳಿಯೇ ಇಲ್ಲ. ಅಪ್ಪನಿಂದಲೋ ಮಾವನಿಂದಲೋ ಕೆಲಸ ಕಲಿತವರು ಧಾರಾಳವಾಗಿ ಅಂಗಡಿ ಇಡಬಹುದು.

ಹಾಗಾದರೆ ಲೈಸೆನ್ಸೇ ಬೇಡವೇ? ಬೇಕು. ಆದರೆ ಅದು ಕೈಗಲ್ಲ, ಅಂಗಡಿಗೆ. ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಂಥ ಊರಲ್ಲಿ ಗ್ರಾಮ ಪಂಚಾಯಿತಿ, ಚಳ್ಳಕೆರೆ ಪೇಟೆಯಲ್ಲಾದರೆ ನಗರಸಭೆ ಕೊಡುವ ವ್ಯಾಪಾರ ಪರವಾನಗಿ ಅದು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಜಾರಿಯಲ್ಲಿರುವ ಕಡೆ ಕಾರ್ಮಿಕ ಇಲಾಖೆಯ ನೋಂದಣಿಯೂ ಆಗಬೇಕು. ಎರಡರಲ್ಲೂ ನಿಮಗೆ ಕಟಿಂಗ್ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಕೇಳುವುದಿಲ್ಲ ಎಂದು ಕಾಗದ ಮಾಡಿಸದೆ ಬಿಟ್ಟರೆ ಕಷ್ಟ. 2020ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವಾಗ ಇದೇ ವೃತ್ತಿಯವರು ಎಂಬುದಕ್ಕೆ ದಾಖಲೆ ಬೇಕಾಯಿತು. ವರ್ಷಗಟ್ಟಲೆ ಇಡೀ ಊರಿನ ತಲೆ ನೋಡಿಕೊಂಡವರೂ ಅದನ್ನು ಕಾಗದದಲ್ಲೇ ತೋರಿಸಬೇಕು!

ಗೊಂದಲಕ್ಕೆ ಪಿಎಂ ವಿಶ್ವಕರ್ಮ ಯೋಜನೆಯೂ ಕಾರಣವಾಗಬಹುದು ಎಂದು ನಮಗನ್ನಿಸುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಇದರ 18 ವೃತ್ತಿಗಳಲ್ಲಿ ಕ್ಷೌರವೂ ಒಂದು. ಪ್ರಮಾಣಪತ್ರ, ಗುರುತಿನ ಚೀಟಿ, ದಿನಕ್ಕೆ 500 ರೂಪಾಯಿ ಭತ್ಯೆಯೊಂದಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷದವರೆಗೆ ಸಾಲ ಸಿಗುತ್ತದೆ. ಇದು ಸೌಲಭ್ಯ, ಲೈಸೆನ್ಸ್ ಅಲ್ಲ. ಇಲ್ಲದಿದ್ದರೆ ಅಂಗಡಿ ಮುಚ್ಚಿಸುವುದಿಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಣಿ ಉಚಿತ. ‘ಲೈಸೆನ್ಸ್ ಮಾಡಿಸಿಕೊಡ್ತೀವಿ’ ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ, ನಿಮ್ಮೂರಿನ ಅಂಗಡಿಯವರಿಗೂ ತಿಳಿಸಿ.

ಕುರ್ಚಿಯಲ್ಲಿ ಕೂತವರು ಗೋಡೆಯ ಸರ್ಟಿಫಿಕೇಟ್‌ಗಿಂತ ಬ್ಲೇಡ್ ಕಡೆ ನೋಡುವುದು ಒಳ್ಳೆಯದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ಪಟಿಕ ಉಜ್ಜಿದರೆ ರಕ್ತ ನಿಲ್ಲುತ್ತದೆ, ಬ್ಲೇಡ್ ಶುದ್ಧವಾಗುವುದಿಲ್ಲ. ಬ್ಲೇಡನ್ನು ಎರಡು ತುಂಡು ಮಾಡಿ ಅರ್ಧ ಮಾತ್ರ ಹಾಕಿದರೆ ಅನುಮಾನ ಬೇಡ, ಆ ಕತ್ತಿಗೆ ಬೇಕಾಗುವುದೇ ಅರ್ಧ. ಹೊಸದನ್ನು ನಿಮ್ಮೆದುರೇ ಪೊಟ್ಟಣದಿಂದ ತೆಗೆದರೇ ಎಂಬುದಷ್ಟನ್ನೇ ಗಮನಿಸಿ. ತೆಗೆಯದಿದ್ದರೆ ‘ಬ್ಲೇಡ್ ಬದಲಿಸಣ್ಣ’ ಎಂದು ಕೇಳಿ.