ಕಡಲ ದಾರಿಯಲ್ಲಿ ಗಾಲಿಯ ಮೇಲಿನ ಮನೆ

‘ಕೋಶ ಓದು, ದೇಶ ಸುತ್ತು’ ಎಂಬುದು ಹಿರಿಯರ ಮಾತು. ಸುತ್ತುವುದೆಂದರೆ ಬರಿದೆ ಓಡುವುದಲ್ಲ. ಅಲ್ಲಲ್ಲಿ ನಿಂತು, ಕಂಡುದು ಹೀಗೇಕೆ ಇದೆ ಎಂದು ಕೇಳುವುದು. ನಮ್ಮ ಕಾಸರಗೋಡಿನ ಮೂಲಕವೇ ಹಾದುಹೋಗುವ ಕಡಲ ತೀರದ ಹೆದ್ದಾರಿಯಲ್ಲಿ ಹಾಗೆ ನಿಂತು ನೋಡಬೇಕಾದ ಕೆಲವು ತಾಣಗಳನ್ನು ಇಲ್ಲಿ ಪರಿಚಯಿಸಿಕೊಳ್ಳೋಣ.

ಪನ್ವೇಲಿನಿಂದ ಕನ್ಯಾಕುಮಾರಿಯವರೆಗಿನ ಈ ಹೆದ್ದಾರಿಯ ಬಹುಭಾಗಕ್ಕೆ ಹಿಂದೆ 17 ಎಂಬ ಸಂಖ್ಯೆಯಿತ್ತು. ಈಗ ಅದು 66. ಸಹ್ಯಾದ್ರಿಯಿಂದ ಪಡುಗಡಲಿಗೆ ಹರಿಯುವ ಹೊಳೆಗಳನ್ನು ಇದು ಒಂದೊಂದಾಗಿ ದಾಟುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಪ್ರಯಾಣಿಕರು ಕಡವುಗಳಲ್ಲಿ ದೋಣಿಗಾಗಿ ಕಾದು ನಿಲ್ಲಲೇಬೇಕಿತ್ತು. ಇಂದು ಹಾಗೆ ನಿಲ್ಲಿಸುವವರಿಲ್ಲ, ನಾವಾಗಿಯೇ ನಿಲ್ಲಬೇಕು.

ಇಂತಹ ಪ್ರವಾಸಕ್ಕೆ ಒಪ್ಪುವ ವಾಹನವೊಂದಿದೆ. ಅದೇ ಕ್ಯಾರವಾನ್. ಹೊರಗಿನಿಂದ ನೋಡಿದರೆ ಚಿಕ್ಕ ಬಸ್ಸು, ಒಳಹೊಕ್ಕರೆ ಮನೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿನ ತೊಟ್ಟಿ, ಶೌಚಾಲಯ, ದೀಪಕ್ಕೆ ಬ್ಯಾಟರಿ ಎಲ್ಲವೂ ಅದರಲ್ಲಿವೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಮನೆಮಂದಿಯೆಲ್ಲ ಹೀಗೆ ಹೊರಡುವುದು ರೂಢಿ. ಕೇರಳ ಸರಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಇದರಲ್ಲಿ ಬಳಸಿದ ನೀರು ಬೇರೊಂದು ತೊಟ್ಟಿಯಲ್ಲಿ ಶೇಖರವಾಗುತ್ತದೆ. ಅದನ್ನು ಹೊಳೆಗಾಗಲಿ ಕಡಲಿಗಾಗಲಿ ಬಿಡಕೂಡದು. ಭಾರದ ವಾಹನವಾದುದರಿಂದ ಮರಳಿಗೆ ಇಳಿಸಲೂಬಾರದು, ಗಾಲಿ ಹೂತುಹೋಗುತ್ತದೆ. ಕ್ಯಾರವಾನ್ ಇಲ್ಲವೆಂದು ಕೊರಗಬೇಕಾಗಿಲ್ಲ. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದರೂ ಕಾಣುವುದು ಇದೇ ಕಡಲು.

ಮೊದಲ ತಾಣ ಬೇಕಲ. ಇಲ್ಲಿಯ ಕೋಟೆಯನ್ನು 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನು. ಇದರ ಕಲ್ಲು ನಮ್ಮ ಮನೆಗಳ ಗೋಡೆಯಲ್ಲಿರುವ ಕೆಂಪುಕಲ್ಲೇ. ನೆಲದೊಳಗಿರುವಾಗ ಮೆತ್ತಗಿದ್ದು ಕಡಿಯಲು ಸುಲಭ. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಗೋಡೆಯ ಕಿಂಡಿಗಳನ್ನೂ ಗಮನಿಸಿರಿ. ಮೇಲಿನವು ದೂರದ ಶತ್ರುವಿಗೆ, ಕೆಳಗಿನವು ಹತ್ತಿರ ಬಂದವನಿಗೆ ಗುರಿಯಿಡಲು.

ಅಲ್ಲಿಂದ ಉತ್ತರಕ್ಕೆ ಬಂದರೆ ಮಂಜೇಶ್ವರ. ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಬಾಳಿದ ಊರು. ‘ಗೊಲ್ಗೊಥಾ’, ‘ವೈಶಾಖಿ’ಗಳನ್ನು ಬರೆದ ಕವಿ ಹಲವು ಭಾಷೆಗಳನ್ನು ಕಲಿತವರು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಅವರ ಮನೆಯನ್ನು ನೋಡಿಯೇ ಮುಂದೆ ಹೋಗಬೇಕು.

ತಲಪಾಡಿಯ ಗಡಿ ದಾಟಿ, ಮಂಗಳೂರನ್ನು ಹಿಂದೆ ಬಿಟ್ಟು, ಉಡುಪಿಯ ಬಳಿಯ ಮಲ್ಪೆಗೆ ಬಂದರೆ ಅಲ್ಲಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಗಳಿಗೆ ಹೋಗಬಹುದು. ಮಳೆಗಾಲದಲ್ಲಿ ದೋಣಿಗಳಿರುವುದಿಲ್ಲ. ಯಾರೋ ಕೆತ್ತಿ ನಿಲ್ಲಿಸಿದಂತಿರುವ ಕಲ್ಲಿನ ಕಂಬಗಳು ಅಲ್ಲಿವೆ. ಭಾರತವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದಲ್ಲಿ, ಎಂಟು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಉಕ್ಕಿದ ಲಾವಾರಸವು ಆರಿ ಕುಗ್ಗಿತು. ಬತ್ತಿದ ಗದ್ದೆಯ ಕೆಸರು ಬಿರಿಯುವಂತೆ ಅದೂ ಬಿರಿದು ಆರು ಮುಖದ, ಐದು ಮುಖದ ಕಂಬಗಳಾಯಿತು.

ಕುಂದಾಪುರ ದಾಟಿದ ಮೇಲೆ ಮರವಂತೆ. ಇಲ್ಲಿ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ. ಇಷ್ಟು ಹತ್ತಿರ ಬಂದ ಹೊಳೆ ನೇರವಾಗಿ ಕಡಲನ್ನು ಸೇರದೆ ತಿರುಗಿ ಗಂಗೊಳ್ಳಿಯ ಅಳಿವೆಗೆ ಹೋಗುವುದೇಕೆ? ತೆರೆಗಳು ತಂದೊಡ್ಡಿದ ಮರಳಿನ ದಿಬ್ಬ ಅಡ್ಡವಾಗಿದೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಹರಿಯುವ ಹೊಳೆಗೆ ಅದನ್ನು ಒಡೆಯುವ ಬಲವಿಲ್ಲ. ಆ ದಿಬ್ಬದ ಮೇಲೆಯೇ ನಮ್ಮ ರಸ್ತೆಯಿದೆ. ಕಡಲ್ಕೊರೆತದಿಂದ ಅದನ್ನು ಕಾಪಾಡಲು ದಡಕ್ಕೆ ದೊಡ್ಡ ಬಂಡೆಗಳನ್ನು ಹಾಕಿದ್ದಾರೆ.

ಮುಂದಿನ ತಾಣ ಮುರುಡೇಶ್ವರ. 123 ಅಡಿಯ ಶಿವನ ಪ್ರತಿಮೆ ದೂರದಿಂದಲೇ ಕಾಣುತ್ತದೆ. ಆದರೆ ಇಲ್ಲಿ ನೋಡಲು ಕಲಿಯಬೇಕಾದುದು ನೀರನ್ನು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿ ಕಡಲುಪಾಲಾದರು. ತೆರೆಗಳು ದಡಕ್ಕೆ ತಂದ ನೀರು ಮರಳಬೇಕಷ್ಟೆ? ಅದು ಕೆಲವೆಡೆ ಕಿರಿದಾದ ಹಾದಿ ಹಿಡಿದು ರಭಸದಿಂದ ಹಿಂದಕ್ಕೆ ಓಡುತ್ತದೆ. ಆ ಹಾದಿಯಲ್ಲಿ ತೆರೆ ಹೆಚ್ಚಾಗಿ ಒಡೆಯದು. ಆದುದರಿಂದ ನೀರು ಶಾಂತವಾಗಿ ತೋರಿ ಮೋಸಮಾಡುತ್ತದೆ. ಅದರಲ್ಲಿ ಸಿಕ್ಕಿದವನು ದಡಕ್ಕೆ ನೇರವಾಗಿ ಈಜಲು ಹೋದರೆ ದಣಿಯುತ್ತಾನೆ. ಗಾಬರಿಗೊಳ್ಳದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು. ದಡದಲ್ಲಿದ್ದವರು ತಾವೂ ಹಾರದೆ, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು ಜೀವರಕ್ಷಕರನ್ನು ಕೂಗಬೇಕು. ಎಲ್ಲಕ್ಕಿಂತ ಮೊದಲು, ಕಾವಲಿನವರು ಬೇಡವೆಂದ ಕಡೆ ನೀರಿಗೆ ಇಳಿಯಲೇಬಾರದು.

ಕೊನೆಯ ತಾಣ ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಭರತದ ವೇಳೆ ಅಘನಾಶಿನಿಯ ಅಳಿವೆಯಿಂದ ಬಂದ ಉಪ್ಪುನೀರನ್ನು ಪಾತಿಗಳಲ್ಲಿ ನಿಲ್ಲಿಸುತ್ತಾರೆ. ಬೇಸಗೆಯ ಬಿಸಿಲಿಗೆ ನೀರು ಆರಿ ಹರಳು ಉಳಿಯುತ್ತದೆ. ಊಟದ ಎಲೆಯ ತುದಿಗೆ ಬಡಿಸುವ ಚಿಟಿಕೆ ಉಪ್ಪಿನ ಹಿಂದೆ ಎಷ್ಟು ಜನರ ದುಡಿಮೆಯಿದೆಯೆಂಬುದು ಅಲ್ಲಿ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ತಿಳಿಯುತ್ತದೆ.

ಹೆತ್ತವರಲ್ಲಿ ಒಂದು ಮಾತು. ಮುಂದಿನ ರಜೆಯಲ್ಲಿ ಇವುಗಳಲ್ಲಿ ಎರಡು ತಾಣಗಳನ್ನಾದರೂ ಮಕ್ಕಳಿಗೆ ತೋರಿಸಿರಿ. ಹೊರಡುವಾಗ ಅವರ ಕೈಯಲ್ಲೊಂದು ಪುಸ್ತಕ, ಪೆನ್ಸಿಲು ಇರಲಿ. ಕಂಡುದನ್ನು ಬರೆದು ತಂದರೆ ತರಗತಿಯಲ್ಲಿ ಎಲ್ಲರೂ ಕೂಡಿ ಓದೋಣ.