ಯಾವ ಗಾಡಿಗೆ ಯಾವ ಎಂಜಿನ್?

ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಕಡೆ ಹಳೆಯ ಟಾಟಾ ಲಾರಿಗಳ ಮಾತು ಬಂದರೆ 692, 697, 497 ಎಂಬ ಸಂಖ್ಯೆಗಳೂ ಬಂದೇ ಬರುತ್ತವೆ. ಇವು ಎಂಜಿನ್ನುಗಳ ಹೆಸರು. ಬಿಡಿಸಿ ಓದಿದರೆ ಹೆಸರಲ್ಲೇ ಅಳತೆ ಇದೆ. ಮೊದಲ ಅಂಕಿ ಸಿಲಿಂಡರ್ ಎಷ್ಟೆಂಬುದು, ಉಳಿದೆರಡು ಬೋರಿನ ಅಗಲ, ಮಿಲಿಮೀಟರುಗಳಲ್ಲಿ. 697 ಎಂದರೆ 97 ಮಿ.ಮೀ. ಬೋರಿನ ಆರು ಸಿಲಿಂಡರ್. 497 ಅದೇ ಬೋರಿನ ನಾಲ್ಕು ಸಿಲಿಂಡರ್. ಸುಮೋದಲ್ಲಿದ್ದ 483 ಕೂಡ ಇದೇ ಲೆಕ್ಕದ್ದು. 1954ರಲ್ಲಿ ಟಾಟಾದ ಲಾರಿ ಕಂಪನಿ ಟೆಲ್ಕೊ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿತ್ತು. 697ರ 97 ಮಿ.ಮೀ. ಬೋರು, 128 ಮಿ.ಮೀ. ಸ್ಟ್ರೋಕು ಬೆಂಜ್‌ನ ಓಎಂ 352 ಎಂಜಿನ್ನಿನ ಅಳತೆಗಳೇ.

ಈ ಓದು ಎಲ್ಲ ಕಡೆ ನಡೆಯುವುದಿಲ್ಲ. ಅಶೋಕ್ ಲೇಲ್ಯಾಂಡ್‌ನ 370, 400, 680 ಘನ ಇಂಚಿನ ಲೆಕ್ಕ. 680 ಎಂದರೆ ಸುಮಾರು 11.1 ಲೀಟರ್. ಪರ್ಕಿನ್ಸ್ 6.354ರಲ್ಲಿ ಚುಕ್ಕಿಯ ಮುಂಚೆ ಸಿಲಿಂಡರ್, ಆಮೇಲೆ ಘನ ಇಂಚು. ಮಹೀಂದ್ರ ಜೀಪಿಗೆ ಬಂದ ಪ್ಯೂಜೊ ಎಕ್ಸ್‌ಡಿಪಿ 4.90ರಲ್ಲೂ ಚುಕ್ಕಿ ಇದೆ, ಆದರೆ ಅಲ್ಲಿನ 90 ಬೋರಿನ ಮಿಲಿಮೀಟರು. ಯಾವ ಕಂಪನಿಯದು ಎಂದು ತಿಳಿಯದೆ ಸಂಖ್ಯೆಯನ್ನು ನಂಬಬಾರದು.

ಎಂಜಿನ್ನಿನ ಹೆಸರಿರುವ ತಗಡಿನ ಪ್ಲೇಟ್ ಕಳೆದುಹೋಗಿದ್ದರೆ? ಹೆಡ್ ಬಿಚ್ಚಿ ಅಳೆಯಬೇಕು. ಬೋರನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 0.785ರಿಂದ, ಸ್ಟ್ರೋಕಿನಿಂದ, ಸಿಲಿಂಡರ್ ಸಂಖ್ಯೆಯಿಂದ ಗುಣಿಸಿದರೆ ಸಿಸಿ ಸಿಗುತ್ತದೆ. 6.8 ಮತ್ತು 7.5 ಬಂದರೆ 1089 ಸಿಸಿ, ಪ್ರೀಮಿಯರ್ ಪದ್ಮಿನಿ. 7.3 ಮತ್ತು 8.89ರ ಆಸುಪಾಸು ಬಂದರೆ 1489 ಸಿಸಿ, ಅಂಬಾಸಿಡರ್. ಅಂಬಾಸಿಡರ್ ವಿಷಯದಲ್ಲಿ ಇಷ್ಟೇ ಸಾಲದು. ಅದರ ಹಳೆಯ ಪೆಟ್ರೋಲ್ ಎಂಜಿನ್ನೂ 1489, ಡೀಸೆಲ್ಲೂ 1489. ಡಿಸ್ಟ್ರಿಬ್ಯೂಟರ್ ಇದೆಯೋ ಇಂಜೆಕ್ಷನ್ ಪಂಪ್ ಇದೆಯೋ ನೋಡಿ. ಪಿಸ್ಟನ್ ನೆತ್ತಿಯ ಮೇಲೆ 020, 040 ಎಂದು ಒತ್ತಿದ್ದರೆ ಬೋರು ಆಗಲೇ ಇಂಚಿನ ಸಾವಿರದ 20 ಅಥವಾ 40 ಭಾಗ ದೊಡ್ಡದಾಗಿದೆ. ಲೆಕ್ಕದಲ್ಲಿ ಅಷ್ಟನ್ನು ಕಳೆಯಿರಿ.

ಜೀಪಿನ ಗುರುತು ಬಾನೆಟ್ ಮುಚ್ಚಿದ್ದರೂ ಸಿಗುತ್ತದೆ, ಅದು ನನಗೆ ಬಲು ಇಷ್ಟದ ಸಂಗತಿ. ಯುದ್ಧಕಾಲದ ವಿಲ್ಲಿಸ್‌ನ ಗೋ ಡೆವಿಲ್ ಎಂಜಿನ್ನಿನಲ್ಲಿ ಎರಡೂ ವಾಲ್ವ್ ಬ್ಲಾಕಿನಲ್ಲಿದ್ದವು. ನಂತರದ ಹರಿಕೇನ್‌ನಲ್ಲಿ ಬೋರು, ಸ್ಟ್ರೋಕು ಹಾಗೇ ಉಳಿದು ಇನ್‌ಲೆಟ್ ವಾಲ್ವ್ ಮಾತ್ರ ಹೆಡ್ಡಿಗೆ ಏರಿತು. ಎಂಜಿನ್ ಎತ್ತರವಾಯಿತು. ಸಿಜೆ-3ಬಿ ಜೀಪಿನ ಬಾನೆಟ್ ಎತ್ತರವಾಗಿರುವುದು ಅದಕ್ಕೇ.

ಗುರುತು ಸಿಕ್ಕ ಮೇಲೆ ಹೊಂದಿಸುವ ಕೆಲಸ. ಬಲ ಎಷ್ಟೆಂದು ಕೇಳುವ ಮುಂಚೆ ಬೆಲ್ ಹೌಸಿಂಗ್ ನೋಡಬೇಕು: ಬೋಲ್ಟ್ ತೂತುಗಳು ಕೂಡುತ್ತವೆಯೆ, ಕ್ಲಚ್ ಪ್ಲೇಟಿನ ಹಲ್ಲು ಗೇರ್ ಬಾಕ್ಸಿನ ಶಾಫ್ಟಿಗೆ ಒಗ್ಗುತ್ತವೆಯೆ, ಶಾಫ್ಟಿನ ಮೂತಿ ಕ್ರ್ಯಾಂಕಿನ ಹಿಂಬದಿಯ ಬುಷ್‌ನಲ್ಲಿ ಸರಿಯಾಗಿ ಕೂರುತ್ತದೆಯೆ. ಬೇರೆ ಎಂಜಿನ್ನಿಗೆ ಲೇತಿನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸಬಹುದು, ಆದರೆ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಬಾಳುವುದಿಲ್ಲ. ಜೀಪಿನಲ್ಲಿ ಮುಂದಿನ ಆಕ್ಸಲ್ ಮೇಲೆದ್ದಾಗ ಆಯಿಲ್ ಚೇಂಬರಿಗೆ ಬಡಿಯುವಂತಿರಬಾರದು.

ಕಾಗದದ ಕೆಲಸವನ್ನು ಕೊನೆಗೆ ಉಳಿಸಿಕೊಂಡವರು ಪಡುವ ಪಾಡು ಬೇಡ. ಗಾಡಿ ಯಶವಂತಪುರದ ಕೆಎ-04 ಇರಲಿ, ಯಲಹಂಕದ ಕೆಎ-50 ಇರಲಿ, ಎಂಜಿನ್ ನಂಬರ್ ಆರ್.ಸಿ.ಯಲ್ಲಿರುತ್ತದೆ. ಬೇರೆ ಎಂಜಿನ್ ಕೂರಿಸುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮಾರುವವರಿಂದ ಹಳೆಯ ಗಾಡಿಯ ದಾಖಲೆ ಪಡೆಯಿರಿ. ನಂಬರ್ ಉಜ್ಜಿದ ಬ್ಲಾಕನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಎರಡು ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಎಂಜಿನ್ನನ್ನು ಗಣನೀಯವಾಗಿ ಬದಲಿಸಿದ ಗಾಡಿ ಇದರಿಂದ ಹೊರಗುಳಿಯುತ್ತದೆ. ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿದ ಎಷ್ಟೋ ಜೀಪುಗಳ ಹರಿಕೇನ್ ಎಂಜಿನ್ನುಗಳು ಗುಜರಿ ಸೇರಿಹೋದವು. ನಿಮ್ಮ ಮನೆಯ ಹಳೆಯ ಬ್ಲಾಕ್ ಇನ್ನೂ ಶೆಡ್ಡಿನ ಮೂಲೆಯಲ್ಲಿದ್ದರೆ ತೂಕಕ್ಕೆ ಹಾಕಬೇಡಿ. ಸವೆದ ಬೋರಿಗೆ ಸ್ಲೀವ್ ಹಾಕಬಹುದು, ಎಷ್ಟೋ ಬಿರುಕುಗಳನ್ನು ಕೂಡಿಸಬಹುದು. ಆ ನಂಬರನ್ನು ಮಾತ್ರ ಮತ್ತೆ ಎರಕ ಹೊಯ್ಯಲಾಗದು. ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಹಲಗೆಯ ಮೇಲಿಡಿ.