ಮಗೂಗೆ ಯಾವ ಡಾಕ್ಟರು?

ಮಕ್ಕಳಿರುವ ಮನೆಗೆ ಕಾಯಿಲೆ ಬರೋದು ಸಹಜ. ಇವತ್ತು ನೆಗಡಿ. ನಾಳೆ ಜ್ವರ. ಮಳೆಗಾಲ ಬಂದರೆ ವಾಂತಿ, ಭೇದಿ. ಆಗ ತಾಯಿ ಮಗು ಎತ್ತಿಕೊಂಡು ಓಡುತ್ತಾಳೆ. ಎಲ್ಲಿಗೆ? ಹತ್ತಿರದಲ್ಲಿ ಯಾರು ಸಿಕ್ಕರೆ ಅವರ ಬಳಿಗೆ. ಅವರು ಒಂದು ಸೂಜಿ ಹಾಕುತ್ತಾರೆ. ಮೂರು ಬಣ್ಣದ ಗುಳಿಗೆ ಕೊಡುತ್ತಾರೆ. ದುಡ್ಡು ತಗೋತಾರೆ. ಮಗೂಗೆ ಏನಾಗಿತ್ತು? ತಾಯಿಗೆ ಗೊತ್ತಿಲ್ಲ. ಕೊಟ್ಟ ಔಷಧಿ ಯಾವುದು? ಅದೂ ಗೊತ್ತಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಆಗುತ್ತದೆಯೇ? ಡಾಕ್ಟರನ್ನು ಹುಡುಕೋದೂ ಹಾಗೆಯೇ. ಮಗು ಆಡಿಕೊಂಡು ಇರುವಾಗಲೇ ಹುಡುಕಿ ಇಟ್ಟುಕೊಳ್ಳಬೇಕು. ಹೇಗೆ ಹುಡುಕೋದು? ಬನ್ನಿ, ನೋಡೋಣ.

ಮೊದಲು ಬೋರ್ಡು ಓದಿ

ನೀವು ಈಗ ಓದಲು ಕಲಿತಿದ್ದೀರಿ. ಆಸ್ಪತ್ರೆಯ ಬೋರ್ಡನ್ನೂ ಓದಿ. ಹೆಸರಿನ ಮುಂದೆ 'ಡಾ.' ಎಂದು ಇದ್ದರೆ ಸಾಲದು. ಹೆಸರಿನ ಜೊತೆ ಏನು ಬರೆದಿದೆ? ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಎಂ.ಬಿ.ಬಿ.ಎಸ್. ಎಂದು ಇದ್ದರೆ ಅವರು ಐದೂವರೆ ವರ್ಷ ವೈದ್ಯಕೀಯ ಓದಿ, ಆಸ್ಪತ್ರೆಯಲ್ಲಿ ಕೆಲಸ ಕಲಿತವರು. ಅದಾದ ಮೇಲೆ ಮಕ್ಕಳ ಕಾಯಿಲೆಯನ್ನೇ ಇನ್ನೂ ಎರಡು ಮೂರು ವರ್ಷ ಓದಿದವರು ಮಕ್ಕಳ ತಜ್ಞರು. ಅವರ ಬೋರ್ಡಿನಲ್ಲಿ ಡಿ.ಸಿ.ಎಚ್. ಎಂದು ಇರುತ್ತದೆ. ಇಲ್ಲವೇ ಎಂ.ಡಿ. ಎಂದು ಇದ್ದು, ಜೊತೆಗೆ 'ಮಕ್ಕಳ ತಜ್ಞರು' ಎಂದು ಇರುತ್ತದೆ. ಬರೀ ಎಂ.ಡಿ. ನೋಡಿ ಮಕ್ಕಳ ಡಾಕ್ಟರು ಅಂದುಕೊಳ್ಳಬೇಡಿ. ಬೇರೆ ವಿಷಯಕ್ಕೂ ಎಂ.ಡಿ. ಇದೆ.

ಓದಿದ ಡಾಕ್ಟರಿಗೆ ಒಂದು ನೋಂದಣಿ ನಂಬರು ಇರುತ್ತದೆ. ಅವರು ಬರೆದುಕೊಡುವ ಚೀಟಿಯಲ್ಲಿ ಆ ನಂಬರು ಇದೆಯಾ, ನೋಡಿ.

'ಅವರ ಕೈಗುಣ ಚೆನ್ನಾಗಿದೆ' ಎಂದು ಊರಲ್ಲಿ ಹೇಳುತ್ತಾರೆ. ಓದದೇ ಇದ್ದವರ ಬಳಿಗೂ ಜನ ಹೋಗುತ್ತಾರೆ. ನಿಜ ಏನು ಗೊತ್ತಾ? ಸಾಮಾನ್ಯ ನೆಗಡಿ ಒಂದು ವಾರದಲ್ಲಿ ತಾನೇ ಹೋಗುತ್ತದೆ. ಹೆಸರು ಮಾತ್ರ ಸೂಜಿ ಹಾಕಿದವರಿಗೆ ಬರುತ್ತದೆ. ಆದರೆ ಮಗೂಗೆ ನ್ಯುಮೋನಿಯಾ ಬಂದಿದ್ದರೆ? ಆಗ ಕೈಗುಣ ಕಾಯುವುದಿಲ್ಲ. ಅಲ್ಲಿ ಕಳೆದ ಎರಡು ದಿನ ಮಗುವಿನ ಜೀವವನ್ನೇ ತೆಗೆಯಬಹುದು.

ಎಲ್ಲದಕ್ಕೂ ತಜ್ಞರೇ ಬೇಕಾ?

ಬೇಡ. ನೆಗಡಿ, ಸಣ್ಣ ಜ್ವರ, ಭೇದಿ, ಲಸಿಕೆ, ಇದಕ್ಕೆಲ್ಲ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಸಾಕು. ಅವರಿಗೆ ಕಷ್ಟ ಅನ್ನಿಸಿದರೆ ತಾಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಚೀಟಿ ಬರೆದು ಕಳಿಸುತ್ತಾರೆ. ಅದಕ್ಕೂ ಮೇಲೆ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಇವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ವಾಣಿ ವಿಲಾಸ ಆಸ್ಪತ್ರೆ ಇದೆ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ.

'ಈ ಕೇಸು ನನ್ನ ಕೈಲಿ ಆಗೋಲ್ಲ, ಮುಂದೆ ಹೋಗಿ' ಎಂದು ಸಮಯಕ್ಕೆ ಸರಿಯಾಗಿ ಹೇಳುವ ಡಾಕ್ಟರು ಒಳ್ಳೆ ಡಾಕ್ಟರು. ಅವರನ್ನು ಹಗುರವಾಗಿ ನೋಡಬೇಡಿ.

ಒಳ್ಳೆ ಡಾಕ್ಟರು ಏನು ಮಾಡುತ್ತಾರೆ?

ಮಗುವಿನ ತೂಕ ನೋಡುತ್ತಾರೆ. ಯಾಕೆಂದರೆ ಮಕ್ಕಳಿಗೆ ಔಷಧಿ ಕೊಡುವುದು ತೂಕದ ಲೆಕ್ಕದಲ್ಲಿ. ದೊಡ್ಡವರ ಗುಳಿಗೆಯನ್ನು ಅರ್ಧ ಮುರಿದರೆ ಮಕ್ಕಳ ಔಷಧಿ ಆಗೋದಿಲ್ಲ.

ಅಂಗಿ ಎತ್ತಿ ಎದೆ ನೋಡುತ್ತಾರೆ. ಹೊಟ್ಟೆ ಮುಟ್ಟಿ ನೋಡುತ್ತಾರೆ. ನಿಮ್ಮನ್ನು ಕೇಳುತ್ತಾರೆ: ಎಷ್ಟು ದಿನದಿಂದ? ಹಾಲು ಕುಡೀತಾ? ಮೂತ್ರ ಮಾಡ್ತಾ? ತಾಯಿ ಕಾರ್ಡು ಬಿಡಿಸಿ, ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ನೋಡುತ್ತಾರೆ. ಕಾಯಿಲೆ ಏನು ಎಂದು ನಿಮಗೆ ತಿಳಿಯುವ ಮಾತಿನಲ್ಲಿ ಹೇಳುತ್ತಾರೆ.

ಎಲ್ಲದಕ್ಕೂ ಸೂಜಿ ಹಾಕುವವರು, ಬಂದ ಕೂಡಲೇ ಗ್ಲೂಕೋಸ್ ಬಾಟ್ಲಿ ಏರಿಸುವವರು ದೊಡ್ಡ ಡಾಕ್ಟರಲ್ಲ. 'ಸೂಜಿ ಹಾಕಿ ಸ್ವಾಮಿ' ಎಂದು ನಾವೂ ಕೇಳಬಾರದು. ಭೇದಿಯನ್ನೇ ನೋಡಿ. ಹೆಚ್ಚಿನ ಮಕ್ಕಳಿಗೆ ಓ.ಆರ್.ಎಸ್. ನೀರು, ಎದೆಹಾಲು, 14 ದಿನ ಜಿಂಕ್ ಗುಳಿಗೆ ಸಾಕು. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಹಾಕಿ ಕಲಸಬೇಕು. ಆ ನೀರನ್ನು ಒಂದು ಹಗಲು, ಒಂದು ರಾತ್ರಿ ಮಾತ್ರ ಇಡಬಹುದು. ಆಮೇಲೆ ಚೆಲ್ಲಿ, ಹೊಸದು ಮಾಡಿ. ಪೊಟ್ಟಣ, ಜಿಂಕ್ ಎರಡೂ ಆಶಾ ಕಾರ್ಯಕರ್ತೆ ಹತ್ತಿರ ಕೇಳಿ.

ಹೆದರದೆ ಕೇಳಿ

ಡಾಕ್ಟರ ಮುಂದೆ ಬಾಯಿ ಕಟ್ಟಿದ ಹಾಗೆ ಆಗುತ್ತದೆ, ಅಲ್ವಾ? ಆದರೂ ನಾಲ್ಕು ಮಾತು ಕೇಳಿ.

1. ಮಗೂಗೆ ಏನಾಗಿದೆ?
2. ಈ ಔಷಧಿ ಯಾತಕ್ಕೆ? ಬೇಕೇ ಬೇಕಾ?
3. ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ?
4. ಏನಾದರೆ ತಕ್ಷಣ ವಾಪಸ್ ಬರಬೇಕು?

ಕೇಳಿದರೆ ಸಿಡುಕುವವರಿಗಿಂತ, ಉತ್ತರ ಹೇಳುವವರನ್ನು ಆರಿಸಿಕೊಳ್ಳಿ.

ಎರಡನೇ ಪ್ರಶ್ನೆ ಬಹಳ ಮುಖ್ಯ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಔಷಧಿ ಕುಡಿದು ಪುಟ್ಟ ಮಕ್ಕಳು ಸತ್ತುಹೋದರು. ಅವರ ಮೂತ್ರಪಿಂಡ ಕೆಟ್ಟುಹೋಗಿತ್ತು. ಎರಡು ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದು ಎಂದು ಆಗ ಕೇಂದ್ರ ಸರ್ಕಾರ ತಿಳಿಸಿತು. ಹಾಗಾಗಿ ಅಂಗಡಿಯಲ್ಲಿ ಕೇಳಿ ತರಬೇಡಿ. ಹಳೆ ಬಾಟ್ಲಿಯಲ್ಲಿ ಉಳಿದದ್ದು ಕುಡಿಸಬೇಡಿ. ಬಾಟ್ಲಿ ಮೇಲಿನ ತಾರೀಖು ಓದಿ.

ಆಗ ಕಾಯಬೇಡಿ

ಕೆಲವು ಗುರುತು ಕಂಡರೆ ಡಾಕ್ಟರನ್ನು ಆರಿಸುತ್ತಾ ಕೂರಬಾರದು. ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಆ ಗುರುತು ಇವು:

ಮಗು ಹಾಲು, ನೀರು ಏನೂ ಕುಡಿಯುತ್ತಿಲ್ಲ. ಕುಡಿದದ್ದೆಲ್ಲ ವಾಂತಿ ಆಗುತ್ತಿದೆ. ಫಿಟ್ಸ್ ಬಂದಿದೆ. ಎಬ್ಬಿಸಿದರೂ ಏಳದೆ ಮಂಕಾಗಿದೆ. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿದೆ.

ಉಸಿರು ಜೋರಾಗಿದೆ ಅನ್ನಿಸಿದರೂ ಅಂದೇ ತೋರಿಸಿ. ಮಗು ಸುಮ್ಮನೆ ಮಲಗಿದ್ದಾಗ ಗಡಿಯಾರ ನೋಡಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಮಗೂಗೆ 60 ಅಥವಾ ಹೆಚ್ಚು, ಒಂದು ವರ್ಷದ ಒಳಗೆ 50 ಅಥವಾ ಹೆಚ್ಚು, ಐದು ವರ್ಷದ ಒಳಗೆ 40 ಅಥವಾ ಹೆಚ್ಚು ಇದ್ದರೆ ಅಪಾಯ. ಎರಡು ತಿಂಗಳ ಒಳಗಿನ ಕೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ ಕೂಡಲೇ ಹೊರಡಿ.

'ಗಂಡ ಹೊಲದಿಂದ ಬರಲಿ. ಅತ್ತೆ ಏನಂತಾರೋ. ದೃಷ್ಟಿ ಆಗಿರಬಹುದು.' ಹೀಗೆ ಕಾಯುತ್ತಾ ಕೂತರೆ ಹೊತ್ತು ಹೋಗುತ್ತದೆ. ದೃಷ್ಟಿ ಆಮೇಲೆ ತೆಗೆಯಬಹುದು. 108ಕ್ಕೆ ಫೋನು ಮಾಡಿ. ಆ ಗಾಡಿಗೆ ದುಡ್ಡು ಕೊಡಬೇಕಿಲ್ಲ. ಒಂದು ವರ್ಷದ ಒಳಗಿನ ಮಗೂಗೆ ಕಾಯಿಲೆ ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ ಎಲ್ಲ ಉಚಿತ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಈ ಹಕ್ಕು ಸಿಕ್ಕಿದೆ. ಕೇಳಿ ಪಡೆಯಿರಿ.

ಇವತ್ತೇ ಬರೆದಿಡಿ

ಒಂದು ಹಾಳೆ ತಗೊಳ್ಳಿ. ನಿಮ್ಮ ಕೈಯಿಂದಲೇ ಬರೆಯಿರಿ:

ಹತ್ತಿರದ ಆರೋಗ್ಯ ಕೇಂದ್ರ ಎಲ್ಲಿದೆ? ಡಾಕ್ಟರು ಯಾವ ಹೊತ್ತು ಇರುತ್ತಾರೆ?
ಆಶಾ ಕಾರ್ಯಕರ್ತೆಯ ಫೋನ್ ನಂಬರು ಏನು?
ಮಕ್ಕಳ ತಜ್ಞರು ಯಾವ ಊರಿನಲ್ಲಿ ಇದ್ದಾರೆ? ಯಾವ ಬಸ್ಸು?
ರಾತ್ರಿ ಹೊತ್ತು ಯಾವ ಆಸ್ಪತ್ರೆ ತೆರೆದಿರುತ್ತದೆ?
ಗಾಡಿಗೆ: 108.

ಈ ಹಾಳೆಯನ್ನು ತಾಯಿ ಕಾರ್ಡಿನ ಒಳಗೆ ಇಡಿ. ಪಕ್ಕದ ಮನೆಯವರಿಗೂ ಒಂದು ಬರೆದುಕೊಡಿ. ನಡುರಾತ್ರಿ ಮಗೂಗೆ ಮೈ ಸುಡುವಾಗ ಈ ಹಾಳೆಯೇ ದಾರಿ ತೋರಿಸುತ್ತದೆ.